ಅರ್ಧ ಮುಖದ ಪರೀಕ್ಷೆ

ಅತ್ತೆಯ ಪಾರ್ಲರಿಗೂ ಮಾವನ ಸಲೂನಿಗೂ ನಡುವೆ ಇರುವುದು ಒಂದು ಪ್ಲೈವುಡ್ ಗೋಡೆ. ಅದು ಚಾವಣಿಯವರೆಗೆ ಹೋಗಿಲ್ಲ. ಎತ್ತರದ ಆಳೊಬ್ಬ ಕೈ ಎತ್ತಿದರೆ ಅದರ ಅಂಚು ಸಿಗುತ್ತದೆ. ಹೀಗಾಗಿ ಎರಡು ಅಂಗಡಿಗೂ ಗಾಳಿ ಒಂದೇ, ಫ್ಯಾನಿನ ಸದ್ದು ಒಂದೇ, ಮಾತೂ ಒಂದೇ. ಈ ಕಡೆ ಹುಬ್ಬು ತೆಗೆಯುವ ನೂಲನ್ನು ಹಲ್ಲಿನಲ್ಲಿ ಕಚ್ಚಿಕೊಂಡ ಅತ್ತೆ "ಹ್ಞೂಂ" ಎಂದರೆ ಆ ಕಡೆಯಿಂದ ಮಾವ "ಏನಂತೆ?" ಎಂದು ಕೇಳುತ್ತಾನೆ. ಆ ಕಡೆ ಗಿರಾಕಿಯೊಬ್ಬ ಸಂಬಳ ಹೆಚ್ಚಾದ ಸಂಗತಿ ತೆಗೆದರೆ, ಈ ಕಡೆ ಮುಖಕ್ಕೆ ಲೇಪ ಹಚ್ಚಿಸಿಕೊಂಡು ಮಲಗಿದ ಅವನ ಹೆಂಡತಿ ಕಣ್ಣು ತೆರೆಯುತ್ತಾಳೆ.

ಅತ್ತೆ ನನ್ನ ಅಪ್ಪನ ತಂಗಿ. ಶಾಲೆ ಬಿಟ್ಟ ಮೇಲೆ ದೊಡ್ಡ ರಸ್ತೆಯ ಪಾರ್ಲರೊಂದರಲ್ಲಿ ನೆಲ ಗುಡಿಸಿ ಟವೆಲ್ ಒಗೆಯುವ ಕೆಲಸಕ್ಕೆ ಸೇರಿದಳು. ಕೂರಿಸಿಕೊಂಡು ಕಲಿಸಿದವರು ಯಾರೂ ಇಲ್ಲ. ಟವೆಲ್ ಮಡಿಸುತ್ತ ನೋಡಿದಳು, ಮನೆಗೆ ಬಂದು ತನ್ನ ಕಾಲಿನ ಕೂದಲ ಮೇಲೆ ನೂಲು ಓಡಿಸಿ ಅಭ್ಯಾಸ ಮಾಡಿದಳು. ಮಾವ ಆಗ ಪಕ್ಕದ ಬೀದಿಯಲ್ಲಿ ಬೇರೆಯವರ ಸಲೂನಿನಲ್ಲಿದ್ದ. ಪಾರ್ಲರಿನ ಕತ್ತರಿಗಳನ್ನು ಸಾಣೆ ಹಿಡಿಸಲು ಅತ್ತೆಯನ್ನು ಅಲ್ಲಿಗೆ ಕಳಿಸುತ್ತಿದ್ದರು. "ಕತ್ತರಿ ಅಷ್ಟು ಬೇಗ ಮೊಂಡಾಗ್ತಿರಲಿಲ್ಲ. ಇವಳೇ ಏನೋ ಮಾಡಿ ಮೊಂಡು ಮಾಡ್ಕೊಂಡು ಬರ್ತಿದ್ದಳು" ಎಂದು ಮಾವ ಈಗಲೂ ಹೇಳುತ್ತಾನೆ. "ಸಾಣೆ ಹಿಡಿಯೋಕೆ ಬರದೋರ ಕೈಗೆ ಕೊಟ್ರೆ ಬೇಗ ಮೊಂಡಾಗ್ದೆ ಇನ್ನೇನಾಗುತ್ತೆ" ಎನ್ನುವುದು ಅತ್ತೆಯ ಉತ್ತರ.

ಅವಳಿಗೊಂದು ಪದ್ಧತಿ ಇತ್ತು. ಹೊಸ ಕ್ರೀಮು ಯಾವುದೇ ಬರಲಿ, ಅದನ್ನು ಗಿರಾಕಿಯ ಮುಖದ ಒಂದೇ ಬದಿಗೆ ಹಚ್ಚುವಳು. ಮೂಗಿನ ನೇರಕ್ಕೆ ಗೆರೆ. ಬಲಕ್ಕೆ ಹೊಸದು, ಎಡಕ್ಕೆ ಬರೀ ನೀರು. ಕೆಲವು ವಾರ ಹೀಗೇ ನಡೆಸಿ, ಆಮೇಲೆ ಗಿರಾಕಿಯನ್ನು ಕಿಟಕಿಯ ಬಳಿ ಕೂರಿಸಿ ಕೈಗೆ ಕನ್ನಡಿ ಕೊಡುವಳು. "ಯಾವ ಕಡೆ ಚೆನ್ನಾಗಿದೆ, ನೀವೇ ಹೇಳಿ. ನಾನು ಬಾಯಿ ಬಿಡಲ್ಲ." ಎರಡು ಬದಿಯೂ ಒಂದೇ ತರ ಕಂಡರೆ ಆ ಡಬ್ಬಿ ಮಾರಾಟದವನಿಗೆ ವಾಪಸ್ಸು. ಬೀದಿಯಲ್ಲಿ ಇದನ್ನು ಅರ್ಧ ಮುಖದ ಪರೀಕ್ಷೆ ಎಂದೇ ಕರೆಯುತ್ತಿದ್ದರು. ಫೋಟೋ ತೆಗೆಸಿಕೊಳ್ಳುವಾಗ ಹೆಂಗಸರು ಒಂದೇ ಕಡೆಗೆ ತಿರುಗುತ್ತಾರೆ, ಎಲ್ಲ ಇವಳದೇ ಕೆಲಸ ಎಂದು ಮಾವ ಗೋಡೆಯ ಆಚೆಯಿಂದ ಛೇಡಿಸುತ್ತಿದ್ದ.

ಪ್ರಯೋಗದಲ್ಲಿ ಒಂದಕ್ಕೆ ಮದ್ದು ಕೊಟ್ಟರೆ ಇನ್ನೊಂದನ್ನು ಹಾಗೇ ಬಿಟ್ಟು ಹೋಲಿಸಬೇಕು ಎಂದು ನಮ್ಮ ಕಾಲೇಜಿನ ಮೇಷ್ಟ್ರು ಹೇಳಿದಾಗ ನನಗೆ ಅದು ಹೊಸ ಮಾತೆನಿಸಲಿಲ್ಲ. ಅತ್ತೆಯ ಕಿಟಕಿಯ ಬಳಿ ಅದನ್ನು ಎಷ್ಟೋ ಸಲ ನೋಡಿದ್ದೆ.

ನಾನು ಓದು ಮುಗಿಸಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದೆ. ರೋಗಿಗಳ ರಕ್ತ, ಕೀವು, ಮೂತ್ರದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ, ಅದು ಯಾವ ಔಷಧಿಗೆ ಬಗ್ಗುತ್ತದೆ ಎಂದು ಬೆಳೆಸಿ ನೋಡುವುದು ನನ್ನ ಕೆಲಸ. ಅಂದಿನಿಂದ ಮಾವನ ಬಾಯಲ್ಲಿ ನನ್ನ ಹೆಸರು "ಲ್ಯಾಬಮ್ಮ" ಎಂದಾಯಿತು. ರಜೆ ಸಿಕ್ಕಾಗ ನಾನು ಅವರ ಅಂಗಡಿಗೆ ಹೋಗಿ, ಪಾರ್ಲರಿನ ಹಿಂಭಾಗದ ಪುಟ್ಟ ಕೋಣೆಯಲ್ಲಿ ಟೀ ಕುಡಿದು ಹರಟೆ ಹೊಡೆದು ಬರುತ್ತಿದ್ದೆ.

ಒಮ್ಮೆ ಹಾಗೆ ಹೋದಾಗ ಅತ್ತೆ ಒಂದು ಸಣ್ಣ ಗಾಜಿನ ಸೀಸೆಯನ್ನು ನನ್ನ ಮುಂದಿಟ್ಟಳು. ಸುಕ್ಕಿಗೆ ಹಚ್ಚುವ ಸೀರಮ್. ಅದರ ಕಾಗದದ ಮೇಲೆ ಪೆಪ್ಟೈಡ್ ಎಂದು ದಪ್ಪಕ್ಷರದಲ್ಲಿತ್ತು.

"ಇದೇನು ಪೆಪ್ಟೈಡು? ಮಾರೋಕೆ ಬಂದವನನ್ನ ಕೇಳಿದೆ. 'ಅದು ತುಂಬಾ ಒಳ್ಳೇದು ಮೇಡಂ' ಅಂದ. ಆಮೇಲೆ ಅದನ್ನೇ ಮತ್ತೆ ಹೇಳಿದ."

ನಾನು ಮೇಜಿನ ಮೇಲಿದ್ದ ಕೂದಲ ಕ್ಲಿಪ್ಪುಗಳನ್ನು ಒಂದಕ್ಕೊಂದು ಸಿಕ್ಕಿಸಿ ತೋರಿಸಿದೆ. ಅಮೈನೋ ಆಮ್ಲಗಳೆಂಬ ಸಣ್ಣ ಕೊಂಡಿಗಳಿವೆ. ಅವು ಉದ್ದಕ್ಕೆ ಸೇರಿ ಮಡಚಿಕೊಂಡರೆ ಪ್ರೋಟೀನ್. ಕೆಲವೇ ಸೇರಿ ಗಿಡ್ಡ ಸರಪಳಿಯಾದರೆ ಪೆಪ್ಟೈಡ್. ಯಾವ ಕೊಂಡಿ ಎಲ್ಲಿ ಕೂತಿದೆ ಎನ್ನುವುದರ ಮೇಲೆ ಅದರ ಕೆಲಸ. ಈ ಸೀಸೆಯಲ್ಲಿರುವುದು ಮುರಿದ ಕೊಲಾಜೆನ್ನಿನ ತುಣುಕನ್ನು ಹೋಲುತ್ತದೆ. ಚರ್ಮದ ಜೀವಕೋಶಕ್ಕೆ ಅದು ಮುಟ್ಟಿದರೆ, ಎಲ್ಲೋ ಮುರಿದಿದೆ, ಹೊಸದು ಮಾಡಬೇಕು ಎಂಬ ಸೂಚನೆ ಹೋಗುತ್ತದೆ. ಪರಿಣಾಮ ಸಣ್ಣದು, ನಿಧಾನದ್ದು.

"ಸಣ್ಣದು ನಿಜ, ಆದ್ರೆ ಇದೆ" ಎಂದಳು ಅತ್ತೆ. ತನ್ನ ಬಲಗಣ್ಣಿನ ಅಂಚನ್ನು ಬೆಳಕಿಗೆ ಹಿಡಿದಳು. ಅವಳು ಹೇಳಿದ್ದು ಸರಿಯಾಗಿತ್ತು. ಎಡಕ್ಕಿಂತ ಬಲದ ಗೆರೆಗಳು ತುಸು ಮಸುಕಾಗಿದ್ದವು.

"ನಮ್ಮ ಚರ್ಮ ತಾನೇ ಪೆಪ್ಟೈಡ್ ಮಾಡುತ್ತೆ ಅತ್ತೆ. ಅದರ ಕೆಲಸ ಬೇರೆ. ರೋಗಾಣುಗಳನ್ನ ಕೊಲ್ಲೋದು."

ಗೋಡೆಯ ಆಚೆ ಕತ್ತರಿಯ ಸದ್ದು ನಿಂತಿತು. "ಹೇಗೆ ಕೊಲ್ಲುತ್ತೆ?" ಎಂದ ಮಾವ.

ನಾನು ದನಿ ಎತ್ತರಿಸಿ ಹೇಳಿದೆ. ಈ ಪೆಪ್ಟೈಡಿಗೆ ಧನ ವಿದ್ಯುದಂಶವಿದೆ. ಬ್ಯಾಕ್ಟೀರಿಯಾದ ಹೊರಪೊರೆಗೆ ಋಣ. ಒಂದನ್ನೊಂದು ಸೆಳೆಯುತ್ತವೆ. ಅಂಟಿಕೊಂಡ ಮೇಲೆ ಪೆಪ್ಟೈಡ್ ಆ ಪೊರೆಯೊಳಗೆ ತೂರಿ ತೂತು ಮಾಡುತ್ತದೆ, ಬ್ಯಾಕ್ಟೀರಿಯಾ ಸೋರಿ ಸಾಯುತ್ತದೆ. ನಮ್ಮ ಜೀವಕೋಶದ ಹೊರಮೈಗೆ ಅಂಥ ಋಣವಿಲ್ಲದ್ದರಿಂದ ಅದು ಬಹುಮಟ್ಟಿಗೆ ಬಚಾವು.

"ಅಂದ್ರೆ ಸೀಸೇಲಿರೋದು ರಿಸೆಪ್ಷನ್‌ನಲ್ಲಿ ಕೂತು ನಗೋದು. ಮೈಯಲ್ಲಿರೋದು ಗೇಟಲ್ಲಿ ದೊಣ್ಣೆ ಹಿಡ್ಕೊಂಡು ನಿಂತಿರೋದು" ಎಂದ ಮಾವ. ಅವನ ಗಿರಾಕಿ ನಕ್ಕ.

"ಹೆಚ್ಚುಕಡಿಮೆ ಹಾಗೇ. ಆದ್ರೆ ಗೇಟಲ್ಲಿರೋನು ಹೊಡೆಯೋದರ ಜೊತೆಗೆ ಸೀಟಿ ಊದ್ತಾನೆ. ಬಿಳಿ ರಕ್ತಕಣಗಳು ಓಡಿ ಬರ್ತವೆ. ಗಾಯದ ಸುತ್ತ ಕೆಂಪಾಗೋದು, ಊದ್ಕೊಳ್ಳೋದು, ಬಿಸಿಯಾಗೋದು ಎಲ್ಲ ಆ ಗಲಾಟೆ."

"ಈ ಗಲಾಟೆನೇ ನಮಗೆ ಗ್ರಹಚಾರ" ಎಂದಳು ಅತ್ತೆ. "ಹುಬ್ಬು ತೆಗೆದ ತಕ್ಷಣ ಕೆಂಪಗಾದ್ರೆ ಗಿರಾಕಿ ಮುಖ ಗಂಟು ಹಾಕ್ಕೊಳ್ತಾರೆ. ಮೊದಲು ಕೆಂಪು ಇಳಿಸಬೇಕು, ಆಮೇಲೆ ಬೇರೆ ಮಾತು."

ಅದು ಅವಳ ವೃತ್ತಿಯ ಸತ್ಯ. ಕೆಂಪು, ಊತ, ಸಿಪ್ಪೆ ಏಳುವುದು, ಗೆರೆ, ಇವೆಲ್ಲ ಅವಳ ಕಣ್ಣಿಗೆ ಕೊರತೆಗಳು. ನಯ, ತಿಳಿಬಣ್ಣ, ಹೊಳಪು ಇದ್ದರೆ ಗೆಲುವು. ಆ ಕಣ್ಣನ್ನು ಅವಳು ಬದುಕಿನುದ್ದಕ್ಕೂ ಸಾಣೆ ಹಿಡಿದಿದ್ದಳು. ಮಾವ ಮಾತ್ರ ಅದಕ್ಕೆ ಸಿಕ್ಕಿರಲಿಲ್ಲ. ಅವನ ಕೆನ್ನೆ ಬಿಸಿನೀರು ಮತ್ತು ಪಟಿಕದ ಕಲ್ಲು ಬಿಟ್ಟು ಬೇರೇನನ್ನೂ ಕಂಡದ್ದಲ್ಲ. "ನಿನ್ನ ಸರಕೆಲ್ಲ ಗೋಡೆಯ ಆ ಕಡೆಗೇ ಇರಲಿ" ಎನ್ನುತ್ತಿದ್ದ.

ಮಾವನಿಗೆ ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷಗಳಾಗಿದ್ದವು. ಮಾತ್ರೆ ನುಂಗುತ್ತಿದ್ದ, ಟೀಗೆ ಸಕ್ಕರೆ ಬಿಟ್ಟಿದ್ದ, ಬಿಸ್ಕತ್ತು ಬಿಟ್ಟಿರಲಿಲ್ಲ. ಪಾದದಲ್ಲಿ ಸ್ಪರ್ಶ ಕಡಿಮೆಯಾಗುತ್ತ ಬಂದಿತ್ತು. ದಿನವಿಡೀ ನಿಂತೇ ಇರುವವನಿಗೆ ಕಾಲು ನೋಯದಿರುವುದು ವರವೆಂದು ಅವನು ಭಾವಿಸಿದ್ದ.

ಕ್ಷೌರದವರ ಪಾದಕ್ಕೆ ಅವರದೇ ಆದ ಒಂದು ಕಾಟವಿದೆ. ಕತ್ತರಿಸಿದ ಗಿಡ್ಡ ಕೂದಲು, ಅದರಲ್ಲೂ ಒರಟು ಗಡ್ಡದ್ದು, ಸೂಜಿಯ ಹಾಗೆ ಚೂಪು. ನೆಲಕ್ಕೆ ಬಿದ್ದದ್ದು ಚಪ್ಪಲಿಯೊಳಗೆ ಸೇರಿ, ಬೆರಳ ಸಂದಿಯ ಮೆತ್ತನೆಯ ಚರ್ಮದೊಳಕ್ಕೆ ಇಳಿಯುತ್ತದೆ. ಮಾವನಿಗೆ ಇದು ಎಷ್ಟೋ ಸಲ ಆಗಿತ್ತು. ಚುಚ್ಚಿದ್ದು ತಿಳಿಯುತ್ತಿತ್ತು, ಅತ್ತೆ ತನ್ನ ಚಿಮಟದಿಂದ ಎಳೆಯುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಈ ಸಲ ಚುಚ್ಚಿದ್ದೇ ತಿಳಿಯಲಿಲ್ಲ. ಅತ್ತೆ ಅವನ ಉಗುರು ಕತ್ತರಿಸುವಾಗ ಕಿರುಬೆರಳ ಸಂದಿಯಲ್ಲಿ ಸಾಸಿವೆಯಷ್ಟು ತೂತು ಕಂಡಳು. ಒಂದೆರಡು ಕೂದಲು ಹೊರಬಂದವು. ತೂತು ಮುಚ್ಚಲಿಲ್ಲ. ಪಾದದ ಮೇಲ್ಭಾಗ ಕೆಂಪಾಗತೊಡಗಿತು.

"ಡಾಕ್ಟರ ಹತ್ರ ಹೋಗೋಣ ರೀ" ಎಂದಳಂತೆ.

"ಗಡ್ಡದ ಕೂದಲು ಚುಚ್ಚಿತು ಅಂತ ಆಸ್ಪತ್ರೆಗೆ ಹೋದ್ರೆ ನಾಳೆ ಗಿರಾಕಿಗಳು ಏನಂತಾರೆ? ಲ್ಯಾಬಮ್ಮನಿಗೂ ಹೇಳ್ಬೇಡ. ಅವಳು ಬಾಟ್ಲಿ ಹಿಡ್ಕೊಂಡು ಬರ್ತಾಳೆ."

ಅತ್ತೆ ಸುಮ್ಮನೆ ಕೂರುವವಳಲ್ಲ. ದಿನವೂ ಪಾದ ತೊಳೆದು ಒರೆಸಿದಳು, ತೂತಿಗೆ ಅಂಗಡಿಯ ನಂಜುನಿರೋಧಕ ಹಚ್ಚಿದಳು. ಕೆಂಪು ಇಳಿಯಲಿಲ್ಲ. ಆಗ ಅವಳು ತನಗೆ ಗೊತ್ತಿದ್ದ ಪರೀಕ್ಷೆಯನ್ನೇ ಮಾಡಿದಳು. ಆ ಕೆಂಪನ್ನು ಮನಸ್ಸಿನಲ್ಲೇ ಎರಡಾಗಿ ಭಾಗಿಸಿ, ಒಂದು ಅರ್ಧಕ್ಕೆ ಸೀರಮ್ ಸವರಿದಳು. ಇನ್ನೊಂದನ್ನು ಬರೀ ನೀರಿನಲ್ಲಿ ತೊಳೆದು ಬಿಟ್ಟಳು. ಕೆಲವು ದಿನ ಕಳೆದು ಕಿಟಕಿಯ ಬೆಳಕಿನಲ್ಲಿ ನೋಡಿದಳು. ಬರೀ ನೀರಿನ ಅರ್ಧ ಒಣಗಿ ಬಿರುಕು ಬಿಟ್ಟು ಸಿಪ್ಪೆ ಏಳುತ್ತಿತ್ತು. ಸೀರಮ್ಮಿನ ಅರ್ಧ ನಯವಾಗಿ, ತಿಳಿಯಾಗಿ ಕಾಣುತ್ತಿತ್ತು.

ಕಣ್ಣೆದುರಿನ ಸಾಕ್ಷಿಯನ್ನು ಅಲ್ಲಗಳೆಯುವ ಅಭ್ಯಾಸ ಅವಳಿಗಿರಲಿಲ್ಲ. ಅಂದಿನಿಂದ ಇಡೀ ಪಾದಕ್ಕೆ ಹಚ್ಚತೊಡಗಿದಳು. ಮಾವ ಮೊದಲು ಗೊಣಗಿದ. ಆಮೇಲೆ, ಅವಳ ಆತಂಕ ನೋಡಲಾರದೆ, ಮದುವೆಯಾದಾಗಿನಿಂದ ಮೊದಲ ಬಾರಿಗೆ ಅವಳ ಸೀಸೆಯ ಎದುರು ಕಾಲು ಚಾಚಿ ಕುಳಿತ.

ನಾನು ಹೋದದ್ದು ಅದರ ಮುಂದಿನ ವಾರ. ಸಲೂನಿನಲ್ಲಿ ಮಾವ ಗಿರಾಕಿಯೊಬ್ಬರ ಕತ್ತಿನ ಹಿಂಭಾಗ ಹೆರೆಯುತ್ತಿದ್ದ. ಕೈ ಎಂದಿನಂತೆ ಸ್ಥಿರವಾಗಿತ್ತು. ಆದರೆ ಬಿಸಿಲಿನ ಹೊತ್ತಿನಲ್ಲಿ ಅವನು ಸ್ವೆಟರ್ ಹಾಕಿಕೊಂಡಿದ್ದ.

"ಚಳಿನಾ ಮಾವ?"

"ಚಳಿ ಇಲ್ಲ. ಫ್ಯಾಷನ್ನು."

ಹಿಂದಿನ ಕೋಣೆಯಲ್ಲಿ ಅತ್ತೆ ಸೀರಮ್ಮಿನ ಸಂಗತಿಯನ್ನೆಲ್ಲ ತಾನಾಗಿಯೇ ಹೇಳಿದಳು. ಮುಚ್ಚಿಡಲು ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ಗೆದ್ದ ಪರೀಕ್ಷೆಯೊಂದನ್ನು ವರದಿ ಮಾಡುವ ದನಿ ಅದು. ಮಾವನನ್ನು ಕರೆದು ಕುರ್ಚಿಯಲ್ಲಿ ಕೂರಿಸಿದಳು. ಪಾದದ ಮೇಲ್ಚರ್ಮ ನಿಜಕ್ಕೂ ನಯವಾಗಿತ್ತು, ಹೊಳೆಯುತ್ತಿತ್ತು. ನಾನು ಅಂಗೈ ಇಟ್ಟೆ. ಒಲೆಯ ಮೇಲಿನ ಪಾತ್ರೆಯ ಹಾಗೆ ಬಿಸಿ. ಮೆಲ್ಲಗೆ ಒತ್ತಿದೆ. ಕಿರುಬೆರಳ ಸಂದಿಯಿಂದ ಬೂದು ಬಣ್ಣದ ಕೀವು ಹೊರಬಂದು ನೆಲಕ್ಕೆ ತೊಟ್ಟಿಕ್ಕಿತು.

"ನೋವಾಯ್ತಾ ಮಾವ?"

"ಎಲ್ಲಿ? ನೀನು ಇನ್ನೂ ಮುಟ್ಟೇ ಇಲ್ವಲ್ಲ."

ಅತ್ತೆ ನೆಲದ ಮೇಲಿನ ಆ ಹನಿಯನ್ನೇ ನೋಡುತ್ತ ನಿಂತಳು. ನಾನು ಆಟೋ ಕರೆದೆ.

ಆಸ್ಪತ್ರೆಯ ಸರ್ಜನ್ ನನಗಿಂತ ಸ್ವಲ್ಪ ಹಿರಿಯ ಹೆಂಗಸು, ಮಾತು ಕಡಿಮೆ. ಅಂದೇ ಪಾದವನ್ನು ಬಿಚ್ಚಿ ತೊಳೆದರು. ಕಿರುಬೆರಳು ಉಳಿಯಲಿಲ್ಲ. ಸೋಂಕು ಪಾದದ ಒಳಪದರಗಳಲ್ಲಿ ಹರಡಿತ್ತು. ಅದು ನಿಂತಿದೆಯೋ ಮೇಲಕ್ಕೆ ಹತ್ತುತ್ತಿದೆಯೋ ಎಂಬುದು ಈಗಲೇ ತಿಳಿಯದು. ಹತ್ತುತ್ತಿದ್ದರೆ ಪಾದದ ಮುಂಭಾಗವನ್ನೇ ತೆಗೆಯಬೇಕಾಗುತ್ತದೆ ಎಂದರು. ಮುಂಪಾದವಿಲ್ಲದೆ ದಿನವಿಡೀ ಕುರ್ಚಿಯ ಸುತ್ತ ತಿರುಗಿ ಕೂದಲು ಕತ್ತರಿಸುವುದು ಆಗದ ಮಾತು. ಮಾವನಿಗೆ ಬೇರೆ ಕೆಲಸ ಬಾರದು, ಬೇಕೂ ಇರಲಿಲ್ಲ.

"ಇದಕ್ಕೆ ಏನು ಹಚ್ತಿದ್ರಿ?" ಎಂದು ಸರ್ಜನ್ ಕೇಳಿದರು. ಅತ್ತೆ ಎಲ್ಲವನ್ನೂ ಹೇಳಿದಳು, ಅರ್ಧದ ಪರೀಕ್ಷೆಯನ್ನೂ ಸೇರಿಸಿ. ಸರ್ಜನ್ ಬೈಯಲಿಲ್ಲ. "ಮೇಲಿನಿಂದ ಇಷ್ಟು ಅಚ್ಚುಕಟ್ಟಾಗಿದ್ದ ಕೀವಿನ ಕಾಲು ನಾನು ನೋಡಿಲ್ಲಮ್ಮ" ಎಂದಷ್ಟೇ ಹೇಳಿ ಮುಂದಿನ ಹಾಸಿಗೆಗೆ ಹೋದರು. ಬೈದಿದ್ದರೆ ಅತ್ತೆಗೆ ಹಗುರವಾಗುತ್ತಿತ್ತೇನೋ.

ಮಾವನ ಕೀವು ನಮ್ಮ ಪ್ರಯೋಗಾಲಯಕ್ಕೇ ಬಂತು. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಒತ್ತಾಗಿ ಬೆಳೆದಿತ್ತು. ಕೆಲವು ಔಷಧಿಗಳ ಬಿಲ್ಲೆಯ ಸುತ್ತ ಮಾತ್ರ ಬೆಳೆಯದೆ ಖಾಲಿ ವೃತ್ತ ಬಿಟ್ಟಿತ್ತು. ಅವುಗಳಲ್ಲೊಂದನ್ನು ಸರ್ಜನ್ ಶುರು ಮಾಡಿದರು.

ವಾರ್ಡಿನ ಹೊರಗಿನ ಬೆಂಚಿನಲ್ಲಿ ಅತ್ತೆ ಕೇಳಿದಳು, "ಸೀರಮ್ಮು ದೊಣ್ಣೆಯವನಲ್ಲ ಅಂತ ನನಗೆ ಗೊತ್ತಿತ್ತು ಕಣೇ. ನೀನೇ ಹೇಳಿದ್ದೆ. ಆದ್ರೆ ಆ ಅರ್ಧ ಕೆಟ್ಟು ಈ ಅರ್ಧ ಚೆನ್ನಾಗಾಯ್ತಲ್ಲ. ನನ್ನ ಕಣ್ಣಾರೆ ನೋಡಿದೆ. ಅದು ಸುಳ್ಳಾ?"

"ಸುಳ್ಳಲ್ಲ ಅತ್ತೆ. ಮೇಲಿನ ಚರ್ಮದ ಮಟ್ಟಿಗೆ ನಿಜ. ಸೀರಮ್ಮಲ್ಲಿ ನೀರು ಹಿಡಿದಿಡೋ ಪದಾರ್ಥ ಇರುತ್ತೆ, ತೆಳ್ಳಗೆ ಪೊರೆ ಕಟ್ಟೋದು ಇರುತ್ತೆ. ಒಣಗಿದ್ದು ನಯ ಆಯ್ತು. ಕೆನ್ನೆ ಎರಡಿದೆ, ಸುಕ್ಕು ಮೇಲೇ ಇದೆ, ಅದಕ್ಕೆ ನಿನ್ನ ಪರೀಕ್ಷೆ ಸರಿಹೋಗುತ್ತೆ. ಗಾಯ ಒಂದೇ ಅಲ್ವಾ. ನೀನು ಮೇಲೆ ಗೆರೆ ಎಳೆದೆ, ಒಳಗೆ ಕೀವು ಆ ಗೆರೆ ದಾಟಿ ಎರಡು ಕಡೆಗೂ ಹರಿದಿತ್ತು."

ಅವಳು ತನ್ನ ಅಂಗೈ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ನೋಡಿದಳು. ಆಮೇಲೆ, "ಕೆಂಪು ಇಳಿದಾಗ ಸೀಟಿ ನಿಂತು ಹೋಯ್ತು, ಎಲ್ಲಾ ಸರಿ ಹೋಯ್ತು ಅಂದ್ಕೊಂಡೆ" ಎಂದಳು.

ನಾನು ಬಿಡಿಸಿ ಹೇಳಿದೆ. ಸಕ್ಕರೆ ಹೆಚ್ಚಿದ ಮೈಯಲ್ಲಿ ಆ ಕಾವಲಿನ ಪೆಪ್ಟೈಡ್‌ಗಳ ಕೆಲಸ ಕುಂದುತ್ತದೆ, ಬಿಳಿ ರಕ್ತಕಣಗಳೂ ನಿಧಾನಿಸುತ್ತವೆ, ಪಾದದ ಸಣ್ಣ ರಕ್ತನಾಳಗಳು ಕಿರಿದಾಗುತ್ತವೆ. ಒಳಗೆ ಸೋಲುತ್ತಿದ್ದರೂ ಹೊರಗೆ ಗಲಾಟೆ ಕಮ್ಮಿ ಕಾಣಬಹುದು. ಸೀಟಿ ನಿಲ್ಲುವುದಕ್ಕೆ ಕಾರಣಗಳು ಬೇರೆ ಬೇರೆ. ಎರಡು ಪೆಪ್ಟೈಡ್‌ಗಳ ಕೆಲಸದ ವ್ಯತ್ಯಾಸವನ್ನು ಅಂದು ಟೀ ಕುಡಿಯುತ್ತ ವಿವರಿಸಿದ್ದೆ. ಒಂದರ ಕೆಲಸ ನೋಡಲು ಚೆನ್ನ, ಇನ್ನೊಂದರ ಕೆಲಸ ನೋಡಲು ಅಸಹ್ಯ ಎಂಬ ವ್ಯತ್ಯಾಸ ನನಗೇ ಸರಿಯಾಗಿ ಹೊಳೆದದ್ದು ಆ ಬೆಂಚಿನ ಮೇಲೆ.

ಮಾವನನ್ನು ಮನೆಗೆ ಕಳಿಸಿದರು. ಗಾಯವನ್ನು ಹೊಲಿದಿರಲಿಲ್ಲ, ಒಳಗಿನಿಂದ ತುಂಬಿಕೊಂಡು ಬರಲೆಂದು ತೆರೆದೇ ಬಿಟ್ಟಿದ್ದರು. ದಿನವೂ ಬ್ಯಾಂಡೇಜ್ ಬಿಚ್ಚಿ, ತೊಳೆದು, ಹೊಸದು ಕಟ್ಟಬೇಕು. ವಾರ ಬಿಟ್ಟು ತೋರಿಸಬೇಕು. ಮುಂಪಾದ ಉಳಿಸುವುದೋ ತೆಗೆಯುವುದೋ ಆಗ ತೀರ್ಮಾನ. ಸರ್ಜನ್ ಹೇಳಿದ್ದು ಇಷ್ಟು: ಒಳಗಿನ ಮಾಂಸ ಕೆಂಪಗೆ, ಹರಳುಹರಳಾಗಿ, ಒರೆಸಿದರೆ ಜಿನುಗುವಂತಿದ್ದರೆ ಜೀವ ಇದೆ. ಬೆಳ್ಳಗೆ, ನಯವಾಗಿ, ಜಿನುಗದೆ ಇದ್ದರೆ ತಕ್ಷಣ ಕರೆದುಕೊಂಡು ಬನ್ನಿ.

ಬ್ಯಾಂಡೇಜ್ ಬಿಚ್ಚಲು ಅತ್ತೆ ಒಪ್ಪಲಿಲ್ಲ.

"ನೀನೇ ಮಾಡು" ಎಂದಳು ನನಗೆ. "ನನ್ನ ಕೈ ಬೇಡ. ಕೈಗಿಂತ ಕಣ್ಣು ಬೇಡ. ನನಗೆ ಕೆಟ್ಟದ್ದು ಒಳ್ಳೇದಾಗಿ ಕಾಣುತ್ತೆ."

ಮೊದಲೆರಡು ದಿನ ನಾನೇ ಮಾಡಿದೆ. ಅವಳು ಬಾಗಿಲ ಹೊರಗೆ ನಿಲ್ಲುತ್ತಿದ್ದಳು. ಮೂರನೆಯ ದಿನ ನಾನು ಕೈಗವಸು ಹಾಕಿಕೊಳ್ಳುವಾಗ ಮಾವ ಕಾಲು ಹಿಂದಕ್ಕೆಳೆದುಕೊಂಡ.

"ಲ್ಯಾಬಮ್ಮ, ನಿನ್ನ ಕೈ ಒರಟು. ಅವಳನ್ನ ಕರಿ."

"ನಿಂಗೆ ಅಲ್ಲಿ ಸ್ಪರ್ಶವೇ ಇಲ್ವಲ್ಲ ಮಾವ, ಒರಟು ಅಂತ ಹೇಗೆ ಗೊತ್ತಾಯ್ತು?"

"ನೋಡಿದ್ರೆ ಗೊತ್ತಾಗುತ್ತೆ." ಆಮೇಲೆ ಬಾಗಿಲ ಕಡೆಗೆ ದನಿ ಎತ್ತರಿಸಿದ. "ಲೇ, ಇಲ್ಲಿ ಬಾರೇ. ಎಷ್ಟು ವರ್ಷ ಬೇಡ ಬೇಡ ಅಂದ್ರೂ ಹಚ್ತೀನಿ ಹಚ್ತೀನಿ ಅಂತಿದ್ದೆ. ಈಗ ಕಾಲು ಚಾಚಿದ್ರೆ ಬಾಗಿಲ ಹಿಂದೆ ಬಚ್ಚಿಟ್ಕೊಂಡಿದ್ದೀಯ."

"ನಾನು ಹಚ್ಚಿದ್ದಕ್ಕೇ ಬೆರಳು ಹೋಯ್ತು" ಎಂದಳು ಅತ್ತೆ ಹೊರಗಿನಿಂದ.

"ನಾನು ಆಸ್ಪತ್ರೆ ಬೇಡ ಅಂದಿದ್ದಕ್ಕೆ ಹೋಯ್ತು. ಪೂರ್ತಿ ನೀನೇ ತಗೋಬೇಡ, ನನಗೂ ಸ್ವಲ್ಪ ಬಿಡು."

ಅವಳು ಒಳಗೆ ಬಂದಳು. ಕೈ ತೊಳೆದಳು, ಕೈಗವಸು ಹಾಕಿಕೊಂಡಳು. ಗಾಯವನ್ನು ಮೊದಲ ಬಾರಿ ನೋಡಿದಾಗ ಅವಳ ಮುಖ ಸಣ್ಣದಾಯಿತು. ಸರ್ಜನ್ ಬಯಸಿದ ಹಾಗೇ ಇತ್ತು ಅದು: ಕೆಂಪು, ಒದ್ದೆ, ಉಬ್ಬುತಗ್ಗು. ಅವಳ ಇಷ್ಟು ದಿನದ ಕಣ್ಣಿಗೆ ಅದಕ್ಕಿಂತ ವಿಕಾರವಾದದ್ದು ಇರಲಾರದು. "ಇದು ಚೆನ್ನಾಗಿದೆ ಅಂತೀಯಾ?" ಎಂದು ಕೇಳಿದಳು. "ತುಂಬಾ ಚೆನ್ನಾಗಿದೆ" ಎಂದೆ. ಅವಳು ತಲೆ ಆಡಿಸುತ್ತ ತೊಳೆಯತೊಡಗಿದಳು. ಅವಳ ಕೈ ನನ್ನದಕ್ಕಿಂತ ಹಗುರ ಎಂಬುದು ಮಾತ್ರ ನಿಜ.

ಅಂದಿನಿಂದ ಅವಳೇ ಕಟ್ಟಿದಳು. ಬೆಳಿಗ್ಗೆ ಪಾರ್ಲರ್ ತೆರೆಯುವ ಮುಂಚೆ, ಕಿಟಕಿಯ ಬಳಿ. ಕಟ್ಟುವಾಗ ತಾನು ಕಂಡದ್ದನ್ನು ಗಟ್ಟಿಯಾಗಿ ಹೇಳುತ್ತಿದ್ದಳು, ಪಾಠ ಒಪ್ಪಿಸುವವಳ ಹಾಗೆ: ಇಲ್ಲಿ ಕೆಂಪು, ಇಲ್ಲಿ ಜಿನುಗಿತು, ಅಂಚು ಒದ್ದೆ. ಚೆನ್ನ, ಕೆಟ್ಟದು ಎಂಬ ಮಾತುಗಳನ್ನು ಬಿಟ್ಟಿದ್ದಳು. "ನನ್ನ ಕಾಲಿನ ಮೇಲೆ ವಾರ್ತೆ ಓದ್ತಾಳೆ" ಎನ್ನುತ್ತಿದ್ದ ಮಾವ. ಪಾರ್ಲರಿನಲ್ಲಿ ಅವಳು ಸೀರಮ್ ಮಾರುವುದನ್ನೇನೂ ನಿಲ್ಲಿಸಲಿಲ್ಲ. ಸುಕ್ಕಿಗೆ ಅದು ಅಷ್ಟೋ ಇಷ್ಟೋ ಕೆಲಸ ಮಾಡುತ್ತದೆ, ಅದನ್ನು ಅವಳು ನೋಡಿದ್ದಳು. ಆದರೆ ಮೊಡವೆ ಒಡೆದುಕೊಂಡೋ ಸುಟ್ಟುಕೊಂಡೋ ಬಂದವರನ್ನು ಕುರ್ಚಿಗೆ ಹತ್ತಿಸುತ್ತಿರಲಿಲ್ಲ. "ಇದು ನನ್ನ ಇಲಾಖೆ ಅಲ್ಲ, ಡಾಕ್ಟರಿಗೆ ತೋರಿಸಿ" ಎಂದು ಕಳಿಸಿಬಿಡುತ್ತಿದ್ದಳು.

ಆಸ್ಪತ್ರೆಗೆ ತೋರಿಸಬೇಕಾದ ದಿನ ಇನ್ನೂ ಬಂದಿರಲಿಲ್ಲ. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಅತ್ತೆಯ ಫೋನ್ ಬಂತು.

"ಒಂದು ಕಡೆ ಬೆಳ್ಳಗಾಗಿದೆ. ಹೆಬ್ಬೆರಳಿನ ಉಗುರಷ್ಟು. ನಯವಾಗಿದೆ, ಹೊಳೀತಿದೆ."

"ಒರೆಸಿದ್ರೆ ಜಿನುಗುತ್ತಾ?"

"ಇಲ್ಲ." ಅವಳ ಉಸಿರು ಕೇಳುತ್ತಿತ್ತು. "ಎಷ್ಟು ಸೊಗಸಾಗಿ ಕಾಣುತ್ತೆ ಗೊತ್ತಾ. ಅದಕ್ಕೇ ಭಯ ಆಗ್ತಿದೆ. ಅಂಗಡಿ ಬಾಗಿಲು ಹಾಕಿ ಆಟೋ ಹತ್ತಿದ್ದೀವಿ. ನೀನು ಆಸ್ಪತ್ರೆ ಬಾಗಿಲಲ್ಲೇ ಇರು."

ಹಿಂದಿನಿಂದ ಮಾವನ ದನಿ ಬಂತು. "ಬೇಗ ಬಂದಿದ್ದ ಗಿರಾಕಿಗೆ ಅರ್ಧ ಹುಬ್ಬು ತೆಗೆದು ಹಾಗೇ ಕಳಿಸಿದ್ದಾಳೆ ಲ್ಯಾಬಮ್ಮ. ಪಾಪ, ಅವರು ಹೇಗೆ ಮನೆಗೆ ಹೋಗ್ತಾರೋ."

ಡ್ರೆಸ್ಸಿಂಗ್ ಕೋಣೆ ಕಿರಿದು. ಗೋಡೆಗೆ ಟೈಲ್ಸ್, ತಳ್ಳುವ ಮೇಜು, ಕೊಳಕು ಬಟ್ಟೆ ಹಾಕುವ ಬಕೆಟ್ಟು. ಸರ್ಜನ್ ಬಂದು ಗಾಯ ನೋಡಿದರು, ದೀಪವನ್ನು ಹತ್ತಿರಕ್ಕೆಳೆದರು. "ಯಾರು ಇದನ್ನ ಗಮನಿಸಿದ್ದು?" ಎಂದರು. ನಾನು ಅತ್ತೆಯನ್ನು ತೋರಿಸಿದೆ.

"ಒಳ್ಳೇದಾಯ್ತು ಬಂದ್ರಿ. ಇದು ಸತ್ತ ಪದರ. ತೆಗೀತೀನಿ. ಅದರ ಕೆಳಗೂ ಹೀಗೇ ಬೆಳ್ಳಗಿದ್ರೆ ಮುಂದಿನ ಮಾತಾಡೋಣ. ಕೆಂಪಿದ್ರೆ ಕಾಲು ಉಳೀತು."

ಮಾವ ಒರಗುಮಂಚದ ಮೇಲೆ ಚಾವಣಿ ನೋಡುತ್ತ ಮಲಗಿದ್ದ. ನೋವಿನ ಭಯ ಅವನಿಗಿರಲಿಲ್ಲ, ಅಲ್ಲಿ ಏನೂ ತಿಳಿಯುತ್ತಿರಲಿಲ್ಲ. ಆದರೂ ಅವನ ಬಲಗೈ ಬೆರಳುಗಳು ಹಾಸಿಗೆಯ ಅಂಚಿನ ಮೇಲೆ ಕತ್ತರಿ ಆಡಿಸುವ ಹಾಗೆ ತೆರೆದು ಮುಚ್ಚುತ್ತಿದ್ದವು. ಸರ್ಜನ್ನಿನ ಕೈಯ ಅಲಗು ಸತ್ತ ಪದರದ ಅಂಚನ್ನು ಎತ್ತಿತು. ಅದು ತೆಳ್ಳಗೆ, ಒದ್ದೆ ಕಾಗದದ ಹಾಗೆ ಬಂತು. ಕೆಳಗೆ ಏನೂ ಬಣ್ಣವಿಲ್ಲ. ಅಲಗು ಇನ್ನೊಂದು ಸಲ ಆಡಿತು. ನಾನು ನೋಡುವುದನ್ನು ಬಿಟ್ಟು ಅತ್ತೆಯ ಮುಖ ನೋಡಿದೆ. ಅವಳು ಕಣ್ಣು ಕದಲಿಸದೆ, ಉಸಿರು ಹಿಡಿದು, ಹುಬ್ಬಿನ ಕೊನೆಯ ಕೂದಲನ್ನು ಹುಡುಕುವವಳಂತೆ ಬಾಗಿದ್ದಳು.

"ಬಂತು" ಎಂದಳು.

ಬೆಳ್ಳಗಿನ ತಳದಲ್ಲಿ ಒಂದು ಕೆಂಪು ಚುಕ್ಕೆ, ಅದರ ಪಕ್ಕದಲ್ಲಿ ಇನ್ನೊಂದು. ನೋಡುತ್ತಿದ್ದಂತೆ ಅವು ಹನಿಗಳಾಗಿ ಒಂದಕ್ಕೊಂದು ಕೂಡಿದವು. ಸರ್ಜನ್ ಹತ್ತಿ ಒತ್ತಿ ತೆಗೆದರು, ಮತ್ತೆ ಜಿನುಗಿತು. "ಸಾಕು, ಇಲ್ಲಿ ಜೀವ ಇದೆ" ಎಂದು ಅಲಗನ್ನು ತಟ್ಟೆಗಿಟ್ಟರು.

"ಏನು ಬಂತು?" ಎಂದ ಮಾವ ಚಾವಣಿ ನೋಡುತ್ತಲೇ.

"ರಕ್ತ ರೀ."

"ನನ್ನ ರಕ್ತ ಬಂದ್ರೆ ನಿನಗೆ ಇಷ್ಟು ಸಂತೋಷಾನಾ?"

"ಹೂಂ" ಎಂದಳು ಅತ್ತೆ, ಮುಂಗೈಯಿಂದ ಕಣ್ಣು ಒರೆಸಿಕೊಳ್ಳುತ್ತ. "ಕಾಲು ಅಲ್ಲಾಡಿಸ್ಬೇಡಿ. ಸುಮ್ನೆ ಮಲ್ಕೊಳ್ಳಿ."